ಒತ್ತಿಗೆ ಜಾಗವಿಲ್ಲದ ಆಟ

ಬಸ್ ನಿಲ್ದಾಣದಲ್ಲಿ ಮೈಕು ಹಿಡಿದವರಲ್ಲಿ ಎರಡು ಜಾತಿ. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಗೊಣಗುವವರದು ಒಂದು, ಊರಿಗೆ ಬೆಂಕಿ ಬಿತ್ತೆಂದು ಅರಚುವವರದು ಇನ್ನೊಂದು. ಮೈಕಕ್ಕ ಎರಡಕ್ಕೂ ಸೇರಿದವಳಲ್ಲ. ಅವಳು ಬಸ್ಸು ಕೂಗಿದಳೆಂದರೆ ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ್ದವನೂ ಚೀಲಕ್ಕೆ ಕೈ ಹಾಕಿ ಎದ್ದು ಕೂರುತ್ತಿದ್ದ. "ಮೈಕಲ್ಲಿ ಒಂದು ಪದ ತಪ್ಪಿದ್ರೆ ಒಂದು ಸಂಸಾರ ಬೇರೆ ಊರಿಗೆ ಹೋಗುತ್ತೆ" ಎಂಬುದು ಅವಳ ಸಿದ್ಧಾಂತ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಡ್ರೈವರು, ಕಂಡಕ್ಟರು, ಕಸ ಗುಡಿಸುವವರು ಹೋಗಲಿ, ಕಟ್ಟಿಕೊಂಡ ಗಂಡ ಕೂಡ ಫೋನಿನಲ್ಲಿ ಬರೆದುಕೊಂಡಿದ್ದದ್ದು ಮೈಕಕ್ಕ ಎಂದೇ. ಹೆಂಡತಿಯನ್ನು ಅಕ್ಕ ಅನ್ನಬಹುದೇನಯ್ಯ ಎಂದು ಯಾರೋ ಕೇಳಿದ್ದಕ್ಕೆ, "ಅವಳು ಮೈಕಿಗೆ ಅಕ್ಕ, ನನಗಲ್ಲ" ಅಂದಿದ್ದನಂತೆ.

ಇಂಥವಳು ಕಾನೂನು ಒಪ್ಪದ ಕೆಲಸ ಮಾಡಿದಳು, ಅದನ್ನು ಮೈದುನ ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತೇನೆಂದರೂ ಬಿಡದೆ "ನನ್ನದೇ" ಎಂದು ವಕೀಲರ ಮುಂದೆ ಹಟ ಹಿಡಿದಳು ಅಂದರೆ ನಂಬುವುದು ಕಷ್ಟ. ಆದರೂ ನಡೆದದ್ದು ಹಾಗೆಯೇ.

ಶುರುವಾದದ್ದು ಅತ್ತೆಯಿಂದ. ಸೊಸೆಯರ ಕಥೆಗಳು ಇನ್ನೆಲ್ಲಿಂದ ಶುರುವಾಗಬೇಕು? ಅತ್ತೆ ಮಂಡಿಯ ಆಪರೇಷನ್ ಆಗಿ ಮಂಚ ಹಿಡಿದಿದ್ದರು. ಅದೇ ಮನೆಯಲ್ಲಿದ್ದ ಮೈದುನನಿಗೆ ಪೇಟೆಯಲ್ಲಿ ವಿಡಿಯೋ ಗೇಮ್ ರಿಪೇರಿ ಅಂಗಡಿ. ಸರಿಮಾಡಿದ ಯಂತ್ರಗಳನ್ನು ಮನೆಗೆ ತಂದು ಅಮ್ಮನ ಕೋಣೆಯ ಟಿವಿಗೆ ಸಿಕ್ಕಿಸಿ ಪರೀಕ್ಷೆ ಮಾಡುವುದು ಅವನ ಅಭ್ಯಾಸ. ಹಾಗೆ ಒಂದು ದಿನ ಹೊರದೇಶದ ಹಳೆಯ ಆಟವೊಂದು ಅತ್ತೆಯ ಕಣ್ಣಿಗೆ ಬಿತ್ತು. ಅದರಲ್ಲಿ ಹೊಡೆದಾಟ ಕಡಿಮೆ, ಮಾತು ಜಾಸ್ತಿ. ಕಡಲನ್ನು ತಡೆದು ನಿಲ್ಲಿಸಿದ ಒಂದು ಭಾರಿ ಬಾಗಿಲು. ಅದನ್ನು ಒಳಗಿನಿಂದ ಒಬ್ಬರು ಹಿಡಿದೇ ಇರಬೇಕು, ಬಿಟ್ಟರೆ ಊರುಗಳೆಲ್ಲ ಮುಳುಗುತ್ತವೆ. ಹಾಗೆ ಹಿಡಿಯಲು ಹೋದ ಅಕ್ಕನನ್ನು ಹುಡುಕಿಕೊಂಡು ತಂಗಿ ಊರೂರು ಅಲೆಯುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಅದೂ ಬಾಯಿಂದಲ್ಲ, ಪರದೆಯ ಕೆಳಗಿನ ಪುಟ್ಟ ಚೌಕದಲ್ಲಿ ಬರಹವಾಗಿ.

"ಏನಂತಾಳೆ ಈ ಮುದುಕಿ?" ಅತ್ತೆ ಕೇಳಿದರು.

ಮೈಕಕ್ಕ ಅಂಚೆ ಮೂಲಕ ಓದಿ ಪದವಿ ಮಾಡಿದವಳು, ನಿಲ್ದಾಣದಲ್ಲಿ ಎರಡೂ ಭಾಷೆಯಲ್ಲಿ ಬಸ್ಸು ಕೂಗುವವಳು. ಓದಿ ಕನ್ನಡದಲ್ಲಿ ಹೇಳಿದಳು. ಮುದುಕಿಯಾದ ಮೇಲೆ ಅಂಬಿಗ, ಅಂಬಿಗನಾದ ಮೇಲೆ ಅಂಗಡಿಯವ. ದಿನವೆಲ್ಲ ನಿಲ್ದಾಣದಲ್ಲಿ ಕೂಗಿ ಬಂದು ಸಂಜೆ ಮನೆಯಲ್ಲಿ ಮತ್ತೆ ಅದೇ ಕೆಲಸ.

"ಅತ್ತೆ, ನಂಗಿರೋದು ಒಂದೇ ಗಂಟಲು."

"ಹಂಗಾದ್ರೆ ಬರೆದುಹಾಕು. ನಾನೇ ಓದ್ಕೋತೀನಿ. ನಂಗೇನು ಅಕ್ಷರ ಬರಲ್ವಾ?"

ಆ ಮಾತು ಸೊಸೆಗೆ ನಾಟಿತು. ಮೈದುನ ಆಟದ ಹೊಟ್ಟೆ ಬಗೆದು ಇಂಗ್ಲಿಷ್ ಮಾತುಗಳನ್ನು ಹೊರಗೆಳೆದು ಕೊಟ್ಟ, ಅವಳು ಕನ್ನಡ ಬರೆದಳು, ಅವನು ಮತ್ತೆ ಒಳಗೆ ತುಂಬಿದ. ಮೊದಲ ಪರೀಕ್ಷೆಯ ದಿನ ಮೂವರೂ ಟಿವಿಯ ಮುಂದೆ ಕೂತರು. ಆಟದ ರೈತನೊಬ್ಬ "ನನ್ನ ಕತ್ತೆ ಕಳೆದುಹೋಯಿತು" ಅನ್ನಬೇಕಿತ್ತು. ಚೌಕದಲ್ಲಿ ಮೂಡಿದ್ದು "ನನ ಕತೆ ಕಳೆದುಹೋಯಿತು."

"ಪಾಪ, ಎಂಥ ಕತೆಯೋ," ಅಂದರು ಅತ್ತೆ.

"ಅಕ್ಷರದ ಕೆಳಗೆ ಜಾಗ ಇಲ್ಲ ಅತ್ತಿಗೆ," ಮೈದುನ ತಲೆ ಕೆರೆದುಕೊಂಡ. "ಈ ಚೌಕ ಮಾಡಿದವರಿಗೆ ನಮ್ಮ ಒತ್ತಕ್ಷರದ ಕನಸೂ ಬಿದ್ದಿರಲ್ಲ. ಮೇಲೆ ಎತ್ತಿದ್ರೆ ಗುಡಿಸು ಹಾರಿಹೋಗುತ್ತೆ, ಕೆಳಗಿಳಿಸಿದ್ರೆ ಒತ್ತು. ಸಣ್ಣ ಮಾಡಿದ್ರೆ ಅಮ್ಮಂಗೆ ಕಾಣಲ್ಲ."

ಅತ್ತ ದರಿ, ಇತ್ತ ಪುಲಿ. ಬೇರೆಯವರಾಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ಮೈಕಕ್ಕ, "ಹಂಗಾದ್ರೆ ಒತ್ತೇ ಇಲ್ಲದ ಹಾಗೆ ಬರೀತೀನಿ" ಅಂದಳು.

ಸುಲಭ ಅಂದುಕೊಂಡಿರಾ? ನೀವೇ ಒಂದು ಗಳಿಗೆ ಒತ್ತಕ್ಷರವಿಲ್ಲದೆ ಮಾತಾಡಿ ನೋಡಿ. 'ಇಲ್ಲ' ಅನ್ನುವಂತಿಲ್ಲ, 'ಅಲ್ಲ' ಅನ್ನುವಂತಿಲ್ಲ. 'ನನ್ನ' ಹೋಯಿತು, 'ನಿನ್ನ' ಹೋಯಿತು. ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ಅಜ್ಜ, ಅಜ್ಜಿ ಎಲ್ಲರೂ ಗಂಟುಮೂಟೆ ಕಟ್ಟಿದರು. ಅಮ್ಮ 'ತಾಯಿ'ಯಾದಳು, ಅಕ್ಕ 'ಹಿರಿಯಳು' ಆದಳು, ಯುದ್ಧ 'ಕಾಳಗ'ವಾಯಿತು. ಬರುತ್ತೇನೆ ಅನ್ನುವವರೆಲ್ಲ 'ಬರುವೆ' ಅಂದರು, ಗೊತ್ತಿಲ್ಲ ಅನ್ನಬೇಕಾದವರು 'ಅರಿಯೆ' ಅಂದರು. ಅರ್ಕಾವೊತ್ತು ಪಕ್ಕದಲ್ಲಿ ಕೂರುವ ಮರ್ಯಾದಸ್ಥ, ಅದಕ್ಕೆ ಚೌಕದಲ್ಲಿ ತೊಂದರೆಯಿರಲಿಲ್ಲ. ಹಾಗಾಗಿ ಸೂರ್ಯ ಪಾರಾದ. ಚಂದ್ರ ಸಿಕ್ಕಿಬಿದ್ದು 'ತಿಂಗಳು' ಆದ. ಕತ್ತೆಗೆ ಏನು ಮಾಡಿದರೂ ದಾರಿ ಕಾಣದೆ ಅದನ್ನು ಕುದುರೆ ಮಾಡಿದಳು. ಚಿತ್ರದಲ್ಲಿ ಮೊಳದುದ್ದ ಕಿವಿ ಕಾಣುತ್ತಿತ್ತು, ಇರಲಿ ಎಂದು ಕಣ್ಣು ಮುಚ್ಚಿಕೊಂಡಳು.

ಅತ್ತೆಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು.

"ಸೊಸೆ ಅನ್ನೋಕೆ ಒತ್ತು ಬೇಡ, ಅಲ್ವಾ?"

"ಬೇಡ ಅತ್ತೆ."

"ಅತ್ತೆ ಅನ್ನೋಕೆ ಬೇಕು."

"ಬೇಕು."

"ಅಂದ್ರೆ ನಿನ್ನ ಆಟದೊಳಗೆ ಸೊಸೆಗೆ ಜಾಗ ಇದೆ, ಅತ್ತೆಗಿಲ್ಲ. ಭಲೇ ಕಣಮ್ಮ, ಚೆನ್ನಾಗೇ ಹುಡುಕಿದ್ದೀಯ."

ಕೆಲಸ ವರ್ಷಗಟ್ಟಲೆ ಹಿಡಿಯಿತು. ಬಸ್ಸು ಬಸ್ಸಿನ ನಡುವಿನ ಪುರುಸೊತ್ತಿನಲ್ಲಿ, ಮೈಕಿನ ಗುಂಡಿ ಆರಿಸಿ, ಅವಳು ಪದ ಹುಡುಕುತ್ತಿದ್ದಳು. ಮುಗಿದಾಗ ಮೈದುನ ಅದನ್ನು ಆಟದ ಹುಚ್ಚರು ಸೇರುವ ಜಾಲತಾಣದಲ್ಲಿ ಹಾಕಿದ. ಅವಳ ಷರತ್ತು ಒಂದೇ. ಅನುವಾದ ಮಾತ್ರ ಕೊಡುವುದು, ಆಟ ಇದ್ದವರು ತಾವೇ ಅದಕ್ಕೆ ಸೇರಿಸಿಕೊಳ್ಳಲಿ. ಪೂರ್ತಿ ಬಿಟ್ಟಿ, ಯಾರೂ ಮಾರಕೂಡದು. ಹೆಸರು ಹಾಕು ಅಂದರೂ ಹಾಕಿಸಲಿಲ್ಲ. ದುಡ್ಡು ಮುಟ್ಟದಿದ್ದರೆ ಇದು ತಪ್ಪಲ್ಲ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಬೀದಿಯ ಮಕ್ಕಳೆಲ್ಲ ಆಡಿದರು. ಹೋಂವರ್ಕ್ ಎಲ್ಲೋ ಎಂದು ತಾಯಂದಿರು ಕೇಳಿದರೆ "ನಾನರಿಯೆ" ಎಂದು ಗಂಭೀರವಾಗಿ ಹೇಳಿ ಏಟು ತಿಂದರು. ಪಕ್ಕದ ಮನೆಯ ಚೂಟಿ ಹುಡುಗಿ ಸ್ನಾನಕ್ಕೆ ಕರೆದರೆ "ಆಗದು, ಕಾಳಗವಿದೆ" ಅನ್ನುತ್ತಿದ್ದಳು. ಮೈಕಕ್ಕ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡು ಒಬ್ಬಳೇ ನಗುತ್ತಿದ್ದಳು. ಅತ್ತೆ ಮಾತ್ರ ಆಟದ ಎರಡನೇ ಊರಿನ ಸಂತೆ ದಾಟಲೇ ಇಲ್ಲ. ಮನೆ ಮನೆಗೆ ಹೋಗಿ ಮಾತಾಡಿಸುವುದು, ಮರುದಿನ ಮತ್ತೆ ಹೋಗಿ ಮಾತಾಡಿಸುವುದು. "ಅವಸರ ಏನಿದೆ, ಆ ಅಕ್ಕ ಎಲ್ಲಿಗೆ ಓಡಿಹೋಗ್ತಾಳೆ?" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ವಿಚಾರಣೆ ಕಿಟಕಿಯವಳು ಊಟಕ್ಕೆ ಹೋಗಿದ್ದಳೆಂದು ಮೈಕಕ್ಕ ಅಲ್ಲಿ ಕೂತಿದ್ದಳು. ಬಸ್ಸು ಎಷ್ಟೊತ್ತಿಗೆ ಎಂದು ಕೇಳಲು ಬಂದ ಅಪರಿಚಿತನೊಬ್ಬ ಕೈಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಮೇಲೆ ಕಡಲಿನ ಬಾಗಿಲ ಚಿತ್ರ, ಕೆಳಗೆ 'ಕನ್ನಡದಲ್ಲಿ' ಎಂಬ ಚೀಟಿ, ಮೂಲೆಯಲ್ಲಿ ಬೆಲೆ. ಸತ್ಯ ಹೇಳಬೇಕೆಂದರೆ ಅವಳಿಗೆ ಮೊದಲು ಬಂದದ್ದು ಹೆಮ್ಮೆ. ಸಿಟ್ಟು ಮುಂದಿನ ಬಸ್ಸಿಗೆ ಬಂತು. ಡಬ್ಬಿಯ ಹಿಂದೆ ಮೈದುನನ ಅಂಗಡಿಯ ಫೋನ್ ನಂಬರಿತ್ತು.

"ನಾಚಿಕೆ ಆಗಲ್ವೇನೋ ನಿಂಗೆ?" ಅಂಗಡಿಗೇ ಹೋಗಿ ಕೇಳಿದಳು.

"ಬಿಟ್ಟಿ ಕೊಟ್ರೂ ಜನಕ್ಕೆ ಅದನ್ನ ಸೇರಿಸಿಕೊಳ್ಳೋಕೆ ಬರಲ್ಲ ಅತ್ತಿಗೆ. ತುಂಬಿಸಿ ಕೊಡಿ, ತುಂಬಿಸಿ ಕೊಡಿ ಅಂತ ಪ್ರಾಣ ತಿಂತಾರೆ. ಕೊಟ್ಟೆ. ನಂಗೂ ಅಂಗಡಿ ಬಾಡಿಗೆ ಇದೆಯಲ್ಲ."

"ಆಟಾನೇ ನಕಲು ಮಾಡಿ ಮಾರ್ತಿದ್ದೀಯ. ಅದು ಬೇರೆಯವರ ಸ್ವತ್ತು ಕಣೋ."

ಅವನು ತಲೆ ತಗ್ಗಿಸಿದ. ಕೆಟ್ಟವನಲ್ಲ, ಕೈ ಚುರುಕು, ಬುದ್ಧಿ ಒಂದು ಹೆಜ್ಜೆ ಹಿಂದೆ. ಅವತ್ತೇ ಡಬ್ಬಿಗಳನ್ನು ಒಳಗೆ ಎತ್ತಿಟ್ಟ. ಆದರೆ ಅಷ್ಟರಲ್ಲಿ ಡಬ್ಬಿಯೊಂದು ತಲುಪಬಾರದವರ ಕೈ ತಲುಪಿತ್ತು. ಬಂದು ಕಾಣಬೇಕೆಂದು, ಆಟ ಮಾಡಿದ ಕಂಪನಿಯ ಪರವಾಗಿ ವಕೀಲರ ನೋಟಿಸು ಅಂಗಡಿಗೆ ಬಂತು.

ಮೈದುನ ಮನೆಯಲ್ಲಿ ತನ್ನ ತೀರ್ಮಾನ ಹೇಳಿದ. "ನೋಟಿಸಿನಲ್ಲಿ ಇರೋದು ನನ್ನ ಹೆಸರು. ಬರೆದದ್ದೂ ನಾನೇ ಅಂತೀನಿ. ನೀವು ಬಾಯಿ ಬಿಡಬೇಡಿ ಅತ್ತಿಗೆ. ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ. ಇಂಥದ್ರಲ್ಲಿ ಹೆಸರು ಬಂತು ಅಂದ್ರೆ ಮೈಕ್ ಕಿತ್ಕೊಂಡು ಮನೆಗೆ ಕಳಿಸ್ತಾರೆ. ನಂಗೇನು, ಬೆಸುಗೆ ಹಾಕೋ ಬಿಸಿ ಕಡ್ಡಿ ಹಿಡಿದು ಎಲ್ಲಿ ಕೂತ್ರೂ ಅನ್ನ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳ ನೌಕರಿ ವರ್ಷ ವರ್ಷ ಹೊಸದಾಗಿ ಬರೆಸಿಕೊಳ್ಳುವಂಥದು. ಮೈಕಿಲ್ಲದ ತನ್ನನ್ನು ಅವಳು ಊಹಿಸಿಕೊಂಡೇ ಇರಲಿಲ್ಲ. ಗಂಡನೂ "ಅವನು ಹೇಳೋದು ಸರಿ" ಅಂದ. ಅವಳು ಹೂಂ ಅಂದಳು. ಮೈದುನನ ಬಾಯಿ ಎಲ್ಲಿ ಹರಿಯುತ್ತದೋ ಎಂದು ಅತ್ತೆ, "ಜೊತೆಗೆ ಹೋಗಿ ಸುಮ್ನೆ ಕೂತ್ಕೊಂಡು ಬಾ" ಎಂದು ಅವಳನ್ನೂ ಹೊರಡಿಸಿದರು. ಸುಮ್ಮನೆ ಕೂರಲು ಅನೌನ್ಸರನ್ನು ಕಳಿಸುವುದು ಎಂಥ ಬುದ್ಧಿವಂತಿಕೆಯೋ.

ವಕೀಲರ ಕೋಣೆ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೇಜಿನ ಮೇಲೆ ಮೈದುನನ ಡಬ್ಬಿಯೇ ಇತ್ತು, ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಭಾರಕ್ಕೆ ಇಟ್ಟಿದ್ದರು. ವಕೀಲರು ಸಮಾಧಾನದ ಮನುಷ್ಯ. ಬೆದರಿಸಲಿಲ್ಲ, ನೀರು ಕೊಡಿಸಿದರು.

"ಕಂಪನಿಗೆ ನಿಮ್ಮನ್ನ ಕೋರ್ಟಿಗೆ ಎಳೆಯೋ ಆಸೆ ಇಲ್ಲ. ಮಾರಾಟ ನಿಲ್ಲಬೇಕು, ಉಳಿದ ಡಬ್ಬಿ, ಮನೇಲಿರೋ ಪ್ರತಿ, ಎಲ್ಲ ನಾಳೆ ಸಂಜೆಯೊಳಗೆ ತಂದು ಒಪ್ಪಿಸಬೇಕು. ಜಾಲತಾಣದಿಂದ ತೆಗೀಬೇಕು. ಇನ್ನು ಮಾಡಲ್ಲ ಅಂತ ಬರೆದು ಸಹಿ ಹಾಕಬೇಕು. ಅನುವಾದ ಮಾಡಿದ್ದು ಯಾರು?"

"ನಾನೇ ಸಾರ್," ಅಂದ ಮೈದುನ.

"ಇವರು?"

"ಅತ್ತಿಗೆ. ಸುಮ್ನೆ ಜೊತೆಗೆ ಬಂದಿದ್ದಾರೆ."

ವಕೀಲರು ಇನ್ನೊಂದು ಹಾಳೆ ಎತ್ತಿಕೊಂಡರು. "ಕೆಟ್ಟ ಅನುವಾದದಿಂದ ಆಟದ ಹೆಸರು ಹಾಳಾಯ್ತು ಅಂತ ಕಂಪನಿಯವರು ತಪ್ಪುಗಳನ್ನೂ ಸೇರಿಸಿದ್ದಾರೆ. ಇವನ್ನೂ ಒಪ್ಪಿಕೊಂಡು ಸಹಿ ಹಾಕಬೇಕು. ಕತ್ತೆಗೆ ಕುದುರೆ ಅಂದಿದ್ದೀರಿ."

"ಹೌದು ಸಾರ್."

ಮೈಕಕ್ಕ ಒಳಗೊಳಗೇ ಒಪ್ಪಿದಳು. ಅದು ತಪ್ಪೇ, ಕಿವಿ ಮೊಳದುದ್ದ ಕಾಣುತ್ತಿತ್ತು.

"ಚಂದ್ರನಿಗೆ ತಿಂಗಳು. ಇದು ತಪ್ಪೇನಲ್ಲ, ಹಳೇ ಮಾತು, ಇದನ್ನ ನಾನೇ ತೆಗೀತೀನಿ. ಆಮೇಲೆ, ಕೊನೇ ಬಾಗಿಲಿನ ಹತ್ತಿರ. ಇಂಗ್ಲಿಷಿನಲ್ಲಿ ತಂಗಿ 'ಬಾ' ಅಂತಾಳೆ, ಅಕ್ಕ 'ಇಲ್ಲ' ಅಂತಾಳೆ. ನಿಮ್ಮದರಲ್ಲಿ ಇಬ್ಬರ ಮಾತೂ ಒಂದೇ. ಬಾರೆ, ಬಾರೆ. ಅಕ್ಕನ ಮಾತು ಬಿಟ್ಟುಹೋಗಿ ತಂಗೀದೇ ಎರಡು ಸಲ ಬಿದ್ದಿದೆ."

"ಹೌದು ಸಾರ್. ಕೈತಪ್ಪು," ಅಂದುಬಿಟ್ಟ ಮೈದುನ.

ಕೈತಪ್ಪಂತೆ. ಆ ಒಂದು 'ಇಲ್ಲ'ಕ್ಕೆ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. 'ಬೇಡ' ಎಂದು ಬರೆದಳು, ಅದು ಮಕ್ಕಳು ಊಟಕ್ಕೆ ಮುಖ ತಿರುಗಿಸಿದ ಹಾಗಾಯಿತು. 'ಆಗದು' ಎಂದು ಬರೆದಳು, ಕಚೇರಿಯ ಗುಮಾಸ್ತ ಹೇಳಿದ ಹಾಗಾಯಿತು. 'ಬರಲಾರೆ' ಅಂದರೆ ಶಕ್ತಿಯಿಲ್ಲ ಎಂದು ಅರ್ಥ. ಆಟದ ಅಕ್ಕನಿಗೆ ಶಕ್ತಿಯಿತ್ತು, ಬರುವ ಆಸೆಯೂ ಇತ್ತು, ಬರಕೂಡದೆಂದು ಅವಳೇ ನಿಶ್ಚಯಿಸಿದ್ದಳು. ಕೊನೆಗೊಂದು ದಿನ ನಿಲ್ದಾಣದಲ್ಲಿ ಹೊರಟ ಬಸ್ಸಿನ ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು, ಕೆಳಗೆ ನಿಂತ ತನ್ನ ಅಕ್ಕನಿಗೆ ಕೈ ಚಾಚಿ "ಬಾರೆ, ಬಾರೆ" ಎಂದು ಕರೆದಳು. ಕೆಳಗಿದ್ದವಳು ಬರಲಿಲ್ಲ. ಮೈಕಕ್ಕನ ತಲೆಯಲ್ಲಿ ದೀಪ ಹತ್ತಿತು. ಕರೆಯುವುದಕ್ಕೂ ಬಾರೆ. ನಾನು ಬರುವುದಿಲ್ಲ ಅನ್ನುವುದಕ್ಕೂ, ಹಿಂದಿನವರ ಬಾಯಲ್ಲಿ, ಬಾರೆ. ಒಂದೂ ಒತ್ತಿಲ್ಲ. ಆ ಖುಷಿಯಲ್ಲಿ ಪಕ್ಕದ ಪ್ಲಾಟ್‌ಫಾರಂನ ಬಸ್ಸು ಕೂಗುವುದನ್ನೇ ಮರೆತಿದ್ದಳು. ಅವಳ ನೌಕರಿಯಲ್ಲಿ ಕೂಗದೆ ಬಿಟ್ಟ ಬಸ್ಸು ಅದೊಂದೇ.

"ಅದು ತಪ್ಪಲ್ಲ," ಅಂದಳು.

ಮೈದುನ ಮೇಜಿನ ಕೆಳಗೆ ಅವಳ ಕಾಲು ತುಳಿದ. "ಅತ್ತಿಗೆ, ಸುಮ್ನಿರಿ."

"ಏನು ಸುಮ್ನಿರೋದು? ಕೇಳಿ ಸಾರ್. ತಂಗಿ ಕರೀತಾಳೆ." ಅವಳು ಮೈಕಿನ ದನಿಯಲ್ಲೇ ಹೇಳಿದಳು, ಕೊನೆಯನ್ನು ಎಳೆದು. "ಬಾರೆ. ಅಕ್ಕ ಹೇಳ್ತಾಳೆ." ಈ ಸಲ ಇಳಿಸಿ, ಕತ್ತರಿಸಿ. "ಬಾರೆ. ನಾನು ಬಾರೆ. ಬರೋದಿಲ್ಲ ಅಂತ."

ಪಕ್ಕದ ಕೋಣೆಯಲ್ಲಿ ಟೈಪು ಮಾಡುತ್ತಿದ್ದವಳ ಕೈ ನಿಂತಿತು. ವಕೀಲರು ಎರಡು ಸಲ ತುಟಿಯೊಳಗೇ ಹೇಳಿ ನೋಡಿದರು. ಆಮೇಲೆ ಕನ್ನಡಕ ತೆಗೆದರು.

"ಕರೆದ ಮಾತನ್ನೇ ತಿರುಗಿಸಿ ಕೊಟ್ಟಿದ್ದೀರಿ. ಬರೆದದ್ದು ನೀವಾ?"

"ನಾನೇ."

"ಇಲ್ಲ ಸಾರ್, ನಾನು," ಅಂದ ಮೈದುನ.

"ನೀನು ಬಾಯ್ಮುಚ್ಚು. ಬರೆದದ್ದು ನಾನು."

"ತಪ್ಪು ನಂದು ನಂದು ಅಂತ ಕಿತ್ತಾಡೋರನ್ನ ನನ್ನ ಕೆಲಸದಲ್ಲಿ ಇದೇ ಮೊದಲು ನೋಡ್ತಿರೋದು," ಎಂದು ವಕೀಲರು ನಕ್ಕರು. ನಂತರ ನಗು ಬಿಟ್ಟು, ಅವಳ ಕಡೆ ತಿರುಗಿ ಹೇಳಿದರು. "ಪದ ಚೆನ್ನಾಗಿದೆ ಅಮ್ಮ. ಆದ್ರೆ ಚೆನ್ನಾಗಿದೆ ಅಂತ ಕಾನೂನು ಬದಲಾಗಲ್ಲ."

"ನಾನು ಒಂದು ಕಾಸೂ ಮುಟ್ಟಿಲ್ಲ ಸಾರ್."

"ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ. ಮಾರಿದ್ರೆ ದೊಡ್ಡ ತಪ್ಪು, ಮಾರದಿದ್ರೂ ತಪ್ಪೇ. ಇನ್ನೊಂದು ಭಾಷೆಗೆ ತರೋ ಹಕ್ಕೂ ಆಟ ಮಾಡಿದವರದ್ದೇ. ಮೊದಲು ಅವರನ್ನ ಕೇಳಬೇಕಿತ್ತು."

ಅದು ಅವಳಿಗೆ ಹೊಸದು. ನ್ಯಾಯವಾಗಿಯೇ ಕಂಡಿತು. ತನ್ನ ಈ ಕೆಲಸವನ್ನು ಯಾರಾದರೂ ಕೇಳದೆ ಎತ್ತಿಕೊಂಡರೆ ತಾನು ಬಿಡುತ್ತಿದ್ದಳೇ?

"ಹಾಗಾದ್ರೆ ನಾನು ಬರೆದ ಮಾತು ಯಾರದ್ದು?"

"ಅದರಲ್ಲಿ ಕಾನೂನು ಬಲ್ಲವರಲ್ಲೇ ಎರಡು ಪಂಗಡ. ನಿಮ್ಮದೇ, ಆದ್ರೆ ಬಳಸೋ ಹಾಗಿಲ್ಲ ಅಂತ ಕೆಲವರು. ಕೇಳದೆ ಮಾಡಿದ್ದು, ನಿಮ್ಮದೂ ಅಲ್ಲ ಅಂತ ಕೆಲವರು. ನೋಡಿ, ನಿಮ್ಮ ಮೈದುನ ಒಪ್ಪಿಕೊಳ್ತಿದ್ದಾರೆ. ನಾನು ಏನೂ ಕೇಳಿಸಿಕೊಂಡಿಲ್ಲ ಅಂತ ಇದ್ದುಬಿಡಬಹುದು. ನಿಮ್ಮ ಹೆಸರು ಬಂದ್ರೆ ನೌಕರಿ ಕೊಟ್ಟವರಿಗೂ ಒಂದು ಪ್ರತಿ ಹೋಗುತ್ತೆ. ಯೋಚನೆ ಮಾಡಿ."

ಮೈದುನ ಕೈ ಮುಗಿಯುವುದೊಂದು ಬಾಕಿ. ಅವಳು ಮೇಜಿನ ಮೇಲಿನ ಡಬ್ಬಿ ನೋಡಿದಳು. ಹೆಸರು ಬೇಡ ಅಂದರೆ ಮೈಕು ಉಳಿಯುತ್ತದೆ, ಬಾರೆ ಎಂಬುದು ಒಬ್ಬ ರಿಪೇರಿಯವನ ಕೈತಪ್ಪಾಗಿ ಕಾಗದದಲ್ಲಿ ಕೂರುತ್ತದೆ.

"ಕೇಳದೆ ಮಾಡಿದ್ದು ತಪ್ಪು, ಒಪ್ಪಿದೆ. ಕತ್ತೆದೂ ಒಪ್ಪಿದೆ. ಬಾರೆ ತಪ್ಪು ಅಂದಿರೋದನ್ನ ಹೊಡೆದುಹಾಕಿ ಸಾರ್, ನನ್ನ ಹೆಸರು ಬರೀರಿ, ಸಹಿ ಹಾಕ್ತೀನಿ."

ವಕೀಲರು ಫೋನು ಹಿಡಿದು ಒಳಗೆ ಹೋದರು. ತುಂಬ ಹೊತ್ತು ಇಂಗ್ಲಿಷಿನ ನಡುವೆ ಅದೇ ಪದವನ್ನು ಎರಡು ದನಿಯಲ್ಲಿ ಹೇಳುತ್ತಿದ್ದದ್ದು ಹೊರಗೆ ಕೇಳುತ್ತಿತ್ತು. ಬೆವರು ಒರೆಸಿಕೊಂಡು ಬಂದರು. "ಕೊನೆಗೂ ತೆಗೀರಿ ಅಂದ್ರು." ಆ ಸಾಲಿನ ಮೇಲೆ ಗೆರೆ ಎಳೆದರು. ಅನುವಾದ ಮಾಡಿದವರು ಎಂಬ ಕಡೆ ಅವಳ ನಿಜವಾದ ಹೆಸರನ್ನು ಬರೆದರು. ಅವಳು ಒಂದೊಂದಕ್ಷರವನ್ನೂ ನಿಧಾನವಾಗಿ ಬರೆದು ಸಹಿ ಹಾಕಿದಳು.

ಮುಂದೆ ಅವಳನ್ನು ಮೈಕಿನಿಂದ ಇಳಿಸಿ ವಿಚಾರಣೆ ಕಿಟಕಿಗೆ ಕೂರಿಸಿದ್ದು ನಿಜ. ಅವಳ ಜಾಗಕ್ಕೆ ಬಂದವನು ಬಿಸಿ ತುತ್ತಿನ ಜಾತಿಯವನು. ಜನ ಅವನು ಕೂಗಿದ್ದನ್ನು ಕೇಳಿ, ಅರ್ಥವಾಗದೆ, ಕಿಟಕಿಗೆ ಬಂದು ಅವಳನ್ನೇ ಕೇಳುತ್ತಾರೆ. ನೋವಾಗಲಿಲ್ಲವೇ ಅಂದರೆ ಆಯಿತು, ಬೇಕಾದಷ್ಟು ಆಯಿತು. ಪಶ್ಚಾತ್ತಾಪವಾಯಿತೇ ಎಂದು ಮಾತ್ರ ಅವಳನ್ನು ಕೇಳಬೇಡಿ, ಬೈಗುಳ ತಿನ್ನುತ್ತೀರಿ.

ಸಹಿ ಹಾಕಿದ ದಿನ ಸಂಜೆ ಮನೆಗೆ ಬಂದು ವಿಷಯ ಹೇಳಿದಳು. ನಾಳೆ ಸಂಜೆಗೆ ಮನೆಯ ಪ್ರತಿಯನ್ನೂ ಕೊಟ್ಟುಬಿಡಬೇಕು. ಯಾವ ಪದಕ್ಕೆ ಜಗಳವಾಯಿತೆಂದು ಅತ್ತೆಗೆ ಯಾರೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಮಂಚದ ಮೇಲೆ ಸರಿದು ಕೂತು ಅಂದರು, "ಹಂಗಾದ್ರೆ ಆ ಹುಡುಗೀನ ಬೇಗ ಬಾಗಿಲಿಗೆ ಮುಟ್ಟಿಸೋಣ. ಹಿಡಿ ಆ ಗುಂಡಿ ಪೆಟ್ಟಿಗೇನ."

ಹೊಡೆದಾಟ ಬಂದಲ್ಲಿ ಮೈದುನ, ಮಾತು ಬಂದಲ್ಲಿ ಅತ್ತೆ. ಆ ಸಂಜೆ ಸಂತೆ ದಾಟಿದರು, ಅಂಬಿಗನನ್ನು ದಾಟಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಡಲಿನ ಸದ್ದು ಕೋಣೆ ತುಂಬಿತು. ಪರದೆಯ ಮೇಲೆ ಆ ಬಾಗಿಲು, ಹೊರಗೆ ತಂಗಿ, ಸಂದಿಯಲ್ಲಿ ಅಕ್ಕನ ಅರ್ಧ ಮುಖ.

ಅತ್ತೆ ಓದುವುದು ಗಟ್ಟಿಯಾಗಿ, ಅಕ್ಷರ ಅಕ್ಷರ ಕೂಡಿಸಿ.

"ಬಾ...ರೆ. ಬಾರೆ," ಎಂದು ತಂಗಿಯ ಪರವಾಗಿ ಕರೆದರು. ಗುಂಡಿ ಒತ್ತಿದರು. ಅಕ್ಕನ ಚೌಕ ತೆರೆಯಿತು. ಅದೇ ಪದ. ಅತ್ತೆ ಬಾಯಿ ತೆರೆದವರು ನಿಂತರು.

"ಅಮ್ಮಾ, ಅದು..." ಎಂದು ಶುರುಮಾಡಿದ ಮೈದುನನ ಭುಜವನ್ನು ಮೈಕಕ್ಕ ಹಿಂದಿನಿಂದ ಅದುಮಿದಳು. ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ವಕೀಲರ ಮುಂದೆಯೂ ಹೀಗೆ ಹೊಡೆದುಕೊಂಡಿರಲಿಲ್ಲ.

ಅತ್ತೆ ಪರದೆಯ ಅರ್ಧ ಮುಖವನ್ನು ನೋಡಿದರು. ಮತ್ತೆ ಪದವನ್ನು ನೋಡಿದರು. ಆಮೇಲೆ ಓದಿದರು, ದನಿ ಇಳಿಸಿ.

"ಬಾರೆ."

ಗುಂಡಿ ಪೆಟ್ಟಿಗೆಯನ್ನು ಮಡಿಲಿಗೆ ಇಳಿಸಿದರು.

"ಬರಲ್ವಂತೆ ಕಣೇ," ಅಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು. "ಒಂದೇ ಮಾತಲ್ಲಿ ಹೇಳಿಬಿಟ್ಟಳು ನೋಡು. ಎಂಥ ಗಟ್ಟಿಗಿತ್ತಿ."

ಬದುಕಿನಲ್ಲಿ ಅಷ್ಟು ಹೆಮ್ಮೆ ಮೈಕಕ್ಕನಿಗೆ ಎಂದೂ ಆಗಿರಲಿಲ್ಲ. "ಮುಂದಕ್ಕೆ ಓದಿ ಅತ್ತೆ," ಅಂದಳು, "ಇನ್ನೂ ಸ್ವಲ್ಪ ಇದೆ."